ಕ್ಯಾಮೆರಾ ಬಂದ ಮೇಲೆ ಕತೆ ನಿಂತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ನನಗೆ 34 ವರ್ಷ. ತಿಪಟೂರಿನ ಹತ್ತಿರ ಒಂದು ಹಳ್ಳಿ, ಬ್ಯಾಂಕಿನಲ್ಲಿ ಕೆಲಸ. ಕಾಲೇಜಿನ ದಿನಗಳಿಂದ ಕತೆ ಬರೆಯುತ್ತಿದ್ದೆ. ಎಂಟು ಕತೆ ಅಚ್ಚಾಗಿವೆ. ಓದುವ ಹುಚ್ಚು ಮೊದಲಿನಿಂದಲೂ ಇದೆ. ಭಾನುವಾರ ಬೆಳಿಗ್ಗೆ ಹೊಲ, ತೋಟ, ಕೆರೆ ಏರಿ ಅಂತ ಸುತ್ತಿ ಬರುತ್ತೇನೆ. ಎರಡು ವರ್ಷದ ಹಿಂದೆ ಕ್ಯಾಮೆರಾ ತಗೊಂಡೆ, ಜೊತೆಗೆ 70-300 ಲೆನ್ಸ್. ಆವತ್ತಿನಿಂದ ಒಂದು ಕತೆಯೂ ಮುಗಿದಿಲ್ಲ. ಸುತ್ತಿ ಬಂದವನು ತಿಂಡಿಗೂ ಮೊದಲು ಕಾರ್ಡ್ ಹಾಕಿ ಫೋಟೋ ನೋಡಲು ಕೂರುತ್ತೇನೆ, ಮಧ್ಯಾಹ್ನವಾಗಿಬಿಡುತ್ತದೆ. ಓದೂ ಕಡಿಮೆಯಾಗಿದೆ. ಊರಿನ ಹಿರಿಯರೊಬ್ಬರು "ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನು ಬಿಡು" ಅಂದರು. ತೇಜಸ್ವಿಯವರು ಎರಡನ್ನೂ ಮಾಡಿದರು, ನಿಜ. ಆದರೆ ಅವರ ಸುತ್ತ ಮೂಡಿಗೆರೆಯ ಕಾಡಿತ್ತು. ನಮ್ಮ ಬಯಲುಸೀಮೆಯಲ್ಲಿ ಏನಿದೆ? ಇದರ ಜೊತೆ ಒಂದು ಗೀಜಗನ ಫೋಟೋ ಕಳಿಸಿದ್ದೇನೆ. ಸ್ಪರ್ಧೆಗೆ ಕಳಿಸುವ ಆಸೆ. ಹಿಂದುಗಡೆ ಹುಲ್ಲಿನ ಹೊರೆ ಹೊತ್ತ ಅಜ್ಜ ಒಬ್ಬರು ಮಸುಕಾಗಿ ಬಂದಿದ್ದಾರೆ. ಅವರನ್ನು ಅಳಿಸಲಾ?

ಉತ್ತರ: ಯಾವುದನ್ನೂ ಬಿಡಬೇಡಿ. ಊರಿನ ಹಿರಿಯರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ನನಗೆ ಕಾಣುವಂತೆ ನಿಮ್ಮದು ಒಂದೇ ದೋಣಿ. ಭಾನುವಾರದ ಆ ನಡಿಗೆಯೇ ನಿಮ್ಮ ದೋಣಿ. ಕತೆ, ಓದು, ಫೋಟೋ ಮೂರೂ ಅದರಲ್ಲೇ ಕೂತಿವೆ. ತೊಂದರೆ ಇರುವುದು ಮನೆಗೆ ಬಂದ ಮೇಲಿನ ಮೊದಲ ಒಂದು ಗಂಟೆಯಲ್ಲಿ.

ತಿಂಡಿಗೂ ಮೊದಲು ಕಾರ್ಡ್ ಹಾಕುತ್ತೇನೆ ಅಂದಿರಲ್ಲ, ಆ ಕ್ರಮವನ್ನು ತಿರುಗಿಸಿ. ಮೊದಲು ಕೈಕಾಲು ತೊಳೆದು ಒಂದು ಪುಟ ಬರೆಯಿರಿ. ಕ್ಯಾಮೆರಾದ ಹಿಂದಿನ ಪರದೆಯನ್ನೂ ನೋಡಬೇಡಿ. ಬೆಳಿಗ್ಗೆ ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು, ಯಾರಾದರೂ ಮಾತಾಡಿದ್ದು, ನೆನಪಾದಷ್ಟನ್ನು ಬರೆಯಿರಿ. ಆಮೇಲೆ ಬೇಕಾದರೆ ಮಧ್ಯಾಹ್ನದವರೆಗೂ ಫೋಟೋ ನೋಡಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಇದನ್ನು ನಾನು ತಡವಾಗಿ ಕಲಿತೆ. ನಾನು ಕ್ಯಾಮೆರಾ ಹಿಡಿದದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಫೋಟೋ. ಸ್ಲೈಡ್ ತೊಳೆಸಲು ಬೆಂಗಳೂರಿಗೆ ಕಳಿಸಬೇಕಿತ್ತು. ವಾಪಸು ಬರಲು ಎರಡು ವಾರ, ಕೆಲವು ಸಲ ಮೂರು. ಅಲ್ಲಿಯವರೆಗೆ ನಾನು ನೋಡಿದ್ದು ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರುತ್ತಿರಲಿಲ್ಲ. ಫೋಟೋ ಬಂದಿದೆಯೋ ಇಲ್ಲವೋ ಎಂಬ ತಳಮಳದಲ್ಲಿ ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ. ಮನೆಯವರಿಗೆ ಹೇಳುತ್ತಿದ್ದೆ, ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ಪ್ರತಿ ಸಲ ನೆನೆದಾಗಲೂ ಅದು ಒಂಚೂರು ಬದಲಾಗುತ್ತಿತ್ತು. ಒಂದು ಮಾತು ಸೇರುತ್ತಿತ್ತು, ಒಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ. ನನ್ನ ಕತೆಗಳೆಲ್ಲ ಆ ಎರಡು ಮೂರು ವಾರದ ಸಂದಿನಲ್ಲೇ ಹುಟ್ಟುತ್ತಿದ್ದವು ಅಂತ ಆಗ ನನಗೆ ಹೊಳೆದಿರಲಿಲ್ಲ.

ಡಿಜಿಟಲ್ ಕ್ಯಾಮೆರಾ ಕೈಗೆ ಬಂದ ವರ್ಷ ನನಗೂ ನಿಮ್ಮ ಹಾಗೇ ಆಯಿತು. ಒಂದು ಬೆಳಿಗ್ಗೆಗೆ ನಾನೂರು ಫೋಟೋ. ಅದರಲ್ಲಿ ಯಾವುದು ಶಾರ್ಪ್ ಇದೆ, ಯಾವುದರಲ್ಲಿ ಕಣ್ಣಿನ ಹೊಳಪು ಬಂದಿದೆ ಅಂತ ಆರಿಸುವುದರಲ್ಲೇ ದಿನ ಮುಗಿಯುತ್ತಿತ್ತು. ಒಂದು ದಿನ ಏನೋ ಹುಡುಕಲು ನೋಟ್‌ಬುಕ್ ತೆಗೆದರೆ ಏಳು ತಿಂಗಳಿಂದ ಒಂದು ಸಾಲೂ ಇಲ್ಲ. ಎದೆ ಧಸಕ್ಕೆಂದಿತು. ಆ ಏಳು ತಿಂಗಳ ಫೋಟೋ ಇವತ್ತೂ ನನ್ನ ಹತ್ತಿರ ಇವೆ. ಆ ಬೆಳಗುಗಳು ಮಾತ್ರ ನೆನಪಿಲ್ಲ.

ಇದು ನಮ್ಮಿಬ್ಬರದೇ ತೊಂದರೆ ಅಲ್ಲ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಒಂದು ಪರೀಕ್ಷೆ ಮಾಡಿದರು. ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು ಕೆಲವು ವಸ್ತುಗಳನ್ನು ಸುಮ್ನೆ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮರುದಿನ ಕೇಳಿದರೆ, ಫೋಟೋ ತೆಗೆದವು ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಮನಸ್ಸು ಕೈಬಿಡುತ್ತದೆ. ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಒಂದು ವಸ್ತುವಿನ ಯಾವುದೋ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಿಗೆ ನೆನಪು ಕುಂದಿರಲಿಲ್ಲ. ಝೂಮ್ ಮಾಡದ ಉಳಿದ ಭಾಗವೂ ಅವರಿಗೆ ನೆನಪಿತ್ತು. 2014ರಲ್ಲಿ ಅಚ್ಚಾದ ಈ ಅಧ್ಯಯನ ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಒಂದರ ಮೇಲೆ ಕಣ್ಣಿಟ್ಟು ನಿಂತರೆ ಕ್ಯಾಮೆರಾ ನೆನಪಿಗೆ ಶತ್ರುವಲ್ಲ. ಹತ್ತು ಕಡೆ ಟಕ ಟಕ ಒತ್ತುತ್ತಾ ಹೋದರೆ ಕಷ್ಟ.

ಹಾಗಾಗಿ ನಡಿಗೆಯಲ್ಲೂ ಒಂದು ಬದಲಾವಣೆ ಮಾಡಿಕೊಳ್ಳಿ. ಪ್ರತಿ ವಾರ ಹೊಸ ಜಾಗ ಹುಡುಕಬೇಡಿ. ಎರಡು ಮೂರು ಕಿಲೋಮೀಟರಿನ ಒಂದು ದಾರಿ ಆರಿಸಿಕೊಳ್ಳಿ. ತೋಟ, ಒಂದಿಷ್ಟು ಬೀಳು ನೆಲ, ಒಂದು ನೀರಿನ ಜಾಗ ಸಿಗುವಂತಿರಲಿ. ಒಂದು ವರ್ಷ ಅದೇ ದಾರಿಯಲ್ಲಿ ನಡೆಯಿರಿ. ಹೋಗುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ, ಬರುವಾಗ ಹೊರಗೆ ತೆಗೆಯಿರಿ. ಹೋಗುತ್ತಾ ಏನೋ ಅಪರೂಪದ್ದು ಕಂಡು ಕೈ ಕಡಿಯುತ್ತದೆ, ನನಗೆ ಗೊತ್ತು. ತಡೆದುಕೊಳ್ಳಿ. ಆ ತಡೆದುಕೊಂಡ ಹಕ್ಕಿಯೇ ಮನೆಗೆ ಬಂದು ಬರೆಯಲು ಕೂತಾಗ ಮೊದಲು ನೆನಪಾಗುತ್ತದೆ.

ಈಗ ನಿಮ್ಮ ಗೀಜಗನ ವಿಷಯ. ಫೋಟೋ ಚೆನ್ನಾಗಿದೆ. ಹಾಳು ಬಾವಿಯ ಮೇಲೆ ಬಾಗಿದ ಈಚಲು ಮರ, ಗರಿಯ ತುದಿಗೆ ತೂಗುವ ಗೂಡು, ಹಳದಿ ತಲೆಯ ಗಂಡು. ಆದರೆ ನೀವು ಒಂದೇ ಸಲ ಹೋಗಿ ತೆಗೆದಿದ್ದೀರಿ ಅನ್ನಿಸುತ್ತದೆ. ನಾನು ಒಂದು ಮಳೆಗಾಲ ಪೂರ್ತಿ ಇಂಥದೇ ಒಂದು ಬಾವಿಯ ಪಕ್ಕ ಕೂತಿದ್ದೆ. ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕೇಳಿ.

ಗಂಡು ಗೀಜಗ ನಾರು ತರುವ ರೀತಿಯೇ ಒಂದು ಕಸುಬು. ಹುಲ್ಲಿನ ಎಲೆಯ ಅಥವಾ ತೆಂಗಿನ ಗರಿಯ ಅಂಚನ್ನು ಕೊಕ್ಕಿನಿಂದ ಸಣ್ಣಗೆ ಕಚ್ಚಿ ಸೀಳು ಮಾಡುತ್ತದೆ. ಆ ಸೀಳನ್ನು ಕಚ್ಚಿ ಹಿಡಿದು ಹಾರುತ್ತದೆ. ಹಾರುವ ರಭಸಕ್ಕೇ ನಾರು ಸರ್ರನೆ ಹರಿದು ಬರುತ್ತದೆ. ಹತ್ತಿರ ಕೂತರೆ ಆ ಸದ್ದು ಕೇಳಿಸುತ್ತದೆ, ಹೊಸ ಬಟ್ಟೆ ಹರಿದ ಹಾಗೆ. ಆ ಉದ್ದದ ನಾರು ಹಿಂದೆ ಬಾಲದಂತೆ ತೇಲುತ್ತಾ ಬರುವುದು ನೋಡಲು ಬಲು ಚೆಂದ. ಮೊದಲು ಒಂದು ಬಳೆ ಕಟ್ಟುತ್ತದೆ. ಬಳೆಯ ಮೇಲೆ ಚಾವಣಿ ಬೆಳೆಯುತ್ತದೆ. ಬೈಕಿನವರು ಹಾಕುವ ಹೆಲ್ಮೆಟ್ ಆಕಾರಕ್ಕೆ ಬರುವ ಹೊತ್ತಿಗೆ ಕೆಲಸ ನಿಲ್ಲುತ್ತದೆ. ಒಳಗೋಡೆಗೆ ಹಸಿ ಮಣ್ಣಿನ ಉಂಡೆ ಮೆತ್ತುವುದೂ ಉಂಟು.

ಈಗ ಹೆಣ್ಣುಗಳು ಬರುತ್ತವೆ. ಗಂಡುಗಳೆಲ್ಲ ಅರೆಗೂಡಿಗೆ ನೇತುಬಿದ್ದು ರೆಕ್ಕೆ ಬಡಿಯುತ್ತಾ ಚಿರಗುಟ್ಟುತ್ತವೆ. ಹೆಣ್ಣು ಒಂದೊಂದೇ ಗೂಡಿಗೆ ಹೋಗುತ್ತದೆ. ಒಳಗೆ ಕೂತು ನಾರು ಎಳೆದು ನೋಡುತ್ತದೆ, ಗಟ್ಟಿ ಇದೆಯಾ ಅಂತ. ಒಪ್ಪಿದರೆ ಗಂಡು ಮೊಟ್ಟೆಯ ಕೋಣೆ ಮುಗಿಸಿ, ಉದ್ದ ಕೊಳವೆ ಇಳಿಸಿ ಗೂಡು ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಆ ಹೆಲ್ಮೆಟ್ ಹಾಗೇ ಉಳಿಯುತ್ತದೆ. ನಾನು ಕೂತಿದ್ದ ಬಾವಿಯ ಮೇಲೆ ಆ ವರ್ಷ ಮುಗಿದ ಗೂಡು ಒಂಬತ್ತು, ಅರ್ಧಕ್ಕೆ ನಿಂತದ್ದು ಹದಿನಾಲ್ಕು. ಹಸಿರು ನಾರು ಒಣಗಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಗಂಡು ಪಕ್ಕದ ಗರಿಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು.

ಆ ದಿನಗಳಲ್ಲೇ ಊರಿಗೆ ವಾಪಸು ನಡೆಯುವಾಗ ಬಡಾವಣೆಯ ಕಡೆ ಲಿಂಟಲ್ ಮಟ್ಟಕ್ಕೆ ನಿಂತುಹೋದ ಒಂದು ಮನೆ ಕಣ್ಣಿಗೆ ಬಿತ್ತು. ಪಿಲ್ಲರಿನ ಮೇಲೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ನಿಂತಿದ್ದವು. ಅದು ನಾಲ್ಕು ವರ್ಷದಿಂದ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಗೀಜಗನನ್ನು ನೋಡಿದ ಕಣ್ಣಿಗೆ ಅವತ್ತು ಕಂಡಿತು. ಯಾರ ಮನೆ, ಯಾಕೆ ನಿಂತಿತು, ಯಾರು ಒಳಗೆ ಬಂದು ನೋಡಿ ಬೇಡ ಅಂದರು? ಹೀಗೆ ಕೇಳುತ್ತಾ ಹೋದಂತೆ ನನಗೆ ಒಂದು ಕತೆ ಸಿಕ್ಕಿತು. ಆ ಕತೆಯಲ್ಲಿ ಒಂದು ಹಕ್ಕಿಯೂ ಇಲ್ಲ. ಆ ಮಳೆಗಾಲ ತೆಗೆದ ಫೋಟೋಗಳಲ್ಲಿ ಆ ಮನೆಯೂ ಇಲ್ಲ.

ಪಕ್ಷಿತಜ್ಞ ಸಲೀಂ ಅಲಿಯವರಿಗೂ ಗೀಜಗನೇ ದಾರಿ ತೋರಿಸಿದ್ದು. ಕೆಲಸ ಕಳೆದುಕೊಂಡು ಮುಂಬೈ ಹತ್ತಿರದ ಕಿಹೀಮ್ ಎಂಬ ಕಡಲ ಹಳ್ಳಿಯಲ್ಲಿದ್ದಾಗ ಅವರು ಮನೆಯ ಬಳಿಯ ಗೂಡುಗಳನ್ನು ದಿನಗಟ್ಟಲೆ ನೋಡಿದರು. ಹೆಣ್ಣು ಒಪ್ಪಿದ ಮೇಲೆ ಗೂಡು ಪೂರ್ತಿಯಾಗುವುದು, ಒಂದೇ ಗಂಡು ಹಲವು ಗೂಡು ಕಟ್ಟಿ ಹಲವು ಹೆಣ್ಣುಗಳ ಜೊತೆ ಸಂಸಾರ ಮಾಡುವುದು, ಇವೆಲ್ಲ ಅವರು ಹಾಗೆ ಕೂತು ಕಂಡದ್ದು. ದೂರದ ಕಾಡಿಗೆ ಹೋಗಿ ಅಲ್ಲ, ಮನೆಯ ಪಕ್ಕದಲ್ಲಿ.

ಇನ್ನು ತೇಜಸ್ವಿಯವರ ಮಾತು. ಅವರಿಗೆ ಕಾಡಿತ್ತು ಅನ್ನುತ್ತೀರಿ. ಇತ್ತು, ಸರಿ. ಆದರೆ 'ಕರ್ವಾಲೊ' ಇನ್ನೊಮ್ಮೆ ತೆಗೆದು ನೋಡಿ. 1980ರಲ್ಲಿ ಬಂದ ಕಾದಂಬರಿ. ಅದರ ನಡುವೆ ಇರುವುದು ಹಾರುವ ಓತಿ. ಓದಿದ ಹುಡುಗರು ಎಷ್ಟೋ ಜನ ಅದು ಬರೀ ಕಲ್ಪನೆ ಅಂದುಕೊಂಡಿರುತ್ತಾರೆ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಅದು ನಿಜವಾಗಿಯೂ ಇದೆ. ಪಕ್ಕೆಲುಬುಗಳು ಹೊರಗೆ ಚಾಚಿ, ಅವುಗಳ ಮೇಲೆ ಚರ್ಮ ಬಿಚ್ಚಿಕೊಂಡು, ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಗಂಡಿನ ಗಂಟಲ ಕೆಳಗೆ ಹಳದಿ ಚರ್ಮದ ಪಟ್ಟಿ, ಅದನ್ನು ಬಾವುಟದ ಹಾಗೆ ಆಡಿಸುತ್ತದೆ. ಮರದ ತೊಗಟೆಯ ಬಣ್ಣವೇ ಅದರ ಬಣ್ಣ, ಹಾಗಾಗಿ ಪಕ್ಕದಲ್ಲೇ ಹೋದರೂ ಕಾಣುವುದಿಲ್ಲ. ತೋಟದಲ್ಲಿ ದಿನಾ ಓಡಾಡುವವರು ಕೂಡ ನೋಡದೆ ಬಿಟ್ಟಿರುವ ಒಂದು ಓತಿಯನ್ನು ಹಿಡಿದು ಅವರು ಓದುಗರನ್ನು ಕೋಟಿಗಟ್ಟಲೆ ವರ್ಷಗಳ ಹಿಂದಕ್ಕೆ ಕರೆದುಕೊಂಡು ಹೋದರು.

ಇನ್ನೊಂದು ಗಮನಿಸಿ. ಅದನ್ನು ಹುಡುಕಿ ಹೊರಡುವ ತಂಡದಲ್ಲಿ ವಿಜ್ಞಾನಿ ಇದ್ದಾರೆ, ಫೋಟೋ ತೆಗೆಯುವ ಪ್ರಭಾಕರ ಇದ್ದಾನೆ, ಕತೆ ಹೇಳುವ ರೈತ ಇದ್ದಾನೆ. ಆದರೆ ಆ ಪ್ರಾಣಿಯನ್ನು ಮೊದಲು ಕಂಡವನು ಮಂದಣ್ಣ. ಜೇನು ಹುಡುಕುತ್ತಾ ಕಾಡು ಸುತ್ತುವ ಮನುಷ್ಯ. ಕತೆಗಾರ, ಫೋಟೋಗ್ರಾಫರ್, ವಿಜ್ಞಾನಿ ಮೂವರೂ ಅವನ ಹಿಂದೆ ನಡೆಯಬೇಕು. ಅಷ್ಟು ನಡೆದರೂ ಕೊನೆಗೆ ಓತಿ ಕೈಗೆ ಸಿಗುವುದಿಲ್ಲ, ತೇಲಿ ಹೋಗುತ್ತದೆ. ತೇಜಸ್ವಿಯವರು ಬರಹ, ಕ್ಯಾಮೆರಾ, ತಿರುಗಾಟ ಎಲ್ಲವನ್ನೂ ಒಟ್ಟಿಗೆ ಹೇಗೆ ಇಟ್ಟುಕೊಂಡಿದ್ದರು ಎಂಬುದಕ್ಕೆ ನನಗೆ ಸಿಕ್ಕಿರುವ ಉತ್ತರ ಇಲ್ಲಿದೆ. ಮನೆಯಲ್ಲೂ ಹಾಗೇ ಅಲ್ವಾ? ತಂದೆ ಕುವೆಂಪು ಆಕಾಶದಲ್ಲಿ ಹಾರುವ ಹಕ್ಕಿಸಾಲು ಕಂಡು ದೇವರ ರುಜು ಅಂತ ಕವಿತೆ ಬರೆದರು. ಮಗ ಹಕ್ಕಿಗಳ ಮುಂದೆ ಕ್ಯಾಮೆರಾ ಹಿಡಿದು ಕೂತರು, ಕನ್ನಡದಲ್ಲಿ ಹಕ್ಕಿಗಳ ಪುಸ್ತಕ ಮಾಡಿದರು. ಇಬ್ಬರೂ ತಲೆ ಎತ್ತಿ ನೋಡಿದ್ದು ಮಲೆನಾಡಿನ ಆಕಾಶವನ್ನೇ.

ಬಯಲುಸೀಮೆಯಲ್ಲಿ ಏನಿದೆ ಅಂತ ಕೇಳಿದಿರಿ. ಈ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ, ಯಾಕೆಂದರೆ ನಾನೂ ಬಯಲಿನವನು. ನಿಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಜಯಮಂಗಲಿ ಸಂರಕ್ಷಣಾ ಪ್ರದೇಶ, 798 ಎಕರೆ ಹುಲ್ಲುಗಾವಲು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿಕೊಂಡು ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. 2024ರಲ್ಲಿ ಆ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಎರಡೂ ಬಯಲಿನ ಕೆರೆಗಳೇ.

ಅಷ್ಟು ದೂರವೂ ಬೇಡ. ನಿಮ್ಮ ಬೀಳು ನೆಲದಲ್ಲಿ ಟಿಟ್ಟಿಭ ಇರಲೇಬೇಕು. ಅದು ಗೂಡೇ ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಕಲ್ಲುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆ ಮಣ್ಣಿನ ಬಣ್ಣದವು, ಕಪ್ಪು ಕಲೆಯವು. ಅಲ್ಲೇ ನಿಂತಿದ್ದರೂ ಕಾಣುವುದಿಲ್ಲ. ನೀವು ಹತ್ತಿರ ಹೋದರೆ ತಲೆಯ ಮೇಲೆ ಸುತ್ತಿ ಕೂಗಿ ಕೂಗಿ ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತದೆ. ಬಿಸಿಲು ಏರಿದಾಗ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ಬಾಗಿಲಿಲ್ಲದ ಮನೆಯಲ್ಲಿ ಮಕ್ಕಳನ್ನು ಸಾಕುವ ಎಷ್ಟು ಜನ ತಾಯಂದಿರನ್ನು ನೀವು ನೋಡಿಲ್ಲ? ಬ್ಯಾಂಕಿನ ಕೌಂಟರಿನ ಆಚೆ ದಿನಾ ಬಂದು ನಿಲ್ಲುವವರಲ್ಲೇ ಒಬ್ಬರಿರಬಹುದು. ಕಾಡು ಇಲ್ಲ ಅಂತ ಕತೆ ನಿಂತಿಲ್ಲ, ನಂಬಿ.

ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಕೈಯಿಂದ ಆದ ತಪ್ಪು ಇದು. ಕ್ಯಾಮೆರಾ ಹೊಸದರಲ್ಲಿ ಮನೆಯ ಹಿಂದಿನ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿತ್ತು, ಮೂರು ಮರಿ. ಬೆಳಕು ಬೀಳಲಿ ಅಂತ ಅಡ್ಡ ಇದ್ದ ಒಂದು ಕೊಂಬೆಯನ್ನು ದಾರದಲ್ಲಿ ಹಿಂದಕ್ಕೆ ಕಟ್ಟಿದೆ. ಸಂಜೆ ಬಿಚ್ಚಬೇಕು ಅಂದುಕೊಂಡವನು ಮರೆತೆ. ಬೆಳಿಗ್ಗೆ ಗೂಡು ಖಾಲಿ. ಕೆಂಬೂತವೊಂದು ಬೇಲಿಯ ಮೇಲೆ ಕೂತಿತ್ತು. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಮಧ್ಯಾಹ್ನದವರೆಗೂ ಆ ಗಿಡಕ್ಕೆ ಬಂದು ಹೋಗುತ್ತಿತ್ತು. ಆ ಫೋಟೋಗಳನ್ನು ಯಾರಿಗೂ ತೋರಿಸಿಲ್ಲ. ಅಂದಿನಿಂದ ಗೂಡಿನ ಹತ್ತಿರ ಹೋಗುವುದನ್ನೇ ಬಿಟ್ಟೆ. ಗೀಜಗನದು ಬೇರೆ, ಎತ್ತರದಲ್ಲಿ ನೀರಿನ ಮೇಲೆ ಇರುತ್ತದೆ, ದೂರದಿಂದ ತೆಗೆಯಬಹುದು. ಆದರೂ ಒಂದು ಗರಿಯನ್ನೂ ಸರಿಸಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡು ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯ ಅರ್ಥದೊಳಗೇ ಬರುತ್ತದೆ. ಕಾಯ್ದೆ ಇರಲಿ ಬಿಡಲಿ, ಹುಳ ಕಚ್ಚಿಕೊಂಡು ಬಂದ ಆ ತಾಯಿ ಈಗಲೂ ನನ್ನ ಕಣ್ಣ ಮುಂದಿದೆ.

ಕ್ಯಾಮೆರಾ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ 70-300 ಸಾಕು. ಲಕ್ಷಗಟ್ಟಲೆ ಕೊಟ್ಟು ದೊಡ್ಡ ಲೆನ್ಸ್ ಈಗಲೇ ತಗೋಬೇಡಿ. ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಆಗದಿರಲಿ, ಹಾರುವ ಹಕ್ಕಿಗೆ 1/1000ಕ್ಕಿಂತ ಜೋರಾಗಿರಲಿ. ಬೆಳಕು ಕಡಿಮೆ ಇದ್ದರೆ ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) ಏರಿಸಲು ಹೆದರಬೇಡಿ. ಫೋಕಸ್ ಕಣ್ಣಿನ ಮೇಲಿರಲಿ. ನೆಲದ ಹಕ್ಕಿ ಆದರೆ ನೀವೂ ನೆಲಕ್ಕೆ ಇಳಿಯಿರಿ, ಅಂಗಿ ಮಣ್ಣಾದರೆ ಆಗಲಿ. ಒಂದು ಬೆಳಿಗ್ಗೆಗೆ 36 ಫೋಟೋ ಮಾತ್ರ ಅಂತ ನಿಮಗೆ ನೀವೇ ಮಿತಿ ಹಾಕಿಕೊಂಡು ಒಂದು ತಿಂಗಳು ನೋಡಿ. ಆರಿಸುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಓದಿಗೆ ಸಿಗುತ್ತದೆ.

ಓದು ಕಡಿಮೆಯಾಗಿದೆ ಅಂದಿರಲ್ಲ, ಅದು ನನಗೆ ಜಾಸ್ತಿ ಚಿಂತೆ ಹುಟ್ಟಿಸಿತು. ಕತೆ ಬರೆಯುವವನು ಬರೆಯದೆ ಒಂದು ವರ್ಷ ಇರಬಹುದು. ಓದದೆ ಇದ್ದರೆ ಭಾಷೆ ಒಣಗುತ್ತದೆ. ಕಂಡದ್ದಕ್ಕೆ ಮಾತು ಸಿಗದೆ ಹೋಗುತ್ತದೆ. ಆಗ ಮನುಷ್ಯ ಇನ್ನೂ ಜಾಸ್ತಿ ಫೋಟೋ ತೆಗೆಯುತ್ತಾನೆ. ನಿಮ್ಮ ನಡಿಗೆಗೆ ಹೊಂದುವಂಥ ಎರಡು ಪುಸ್ತಕ ಹೇಳುತ್ತೇನೆ. ಓದಿದ್ದರೂ ಮತ್ತೆ ಓದಿ. ಒಂದು ಶಿವರಾಮ ಕಾರಂತರ 'ಬೆಟ್ಟದ ಜೀವ', 1943ರದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬನಿಂದ ಕತೆ ಶುರುವಾಗುತ್ತದೆ. ದಾರಿ ತಪ್ಪಿದ್ದರಿಂದಲೇ ಅವನಿಗೆ ಗೋಪಾಲಯ್ಯ ಸಿಗುತ್ತಾರೆ. ಬೆಟ್ಟದ ವರ್ಣನೆ ಎಲ್ಲಿ ನಿಂತು ಮನುಷ್ಯನ ಮಾತು ಎಲ್ಲಿ ಶುರುವಾಗುತ್ತದೆ ಅಂತ ಪೆನ್ಸಿಲ್ ಹಿಡಿದು ಗುರುತು ಮಾಡುತ್ತಾ ಓದಿ. ಇನ್ನೊಂದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತಿದ ಪುಸ್ತಕ. 1978ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅದರಲ್ಲಿ ಗಿಡಗಳ ಚಿತ್ರಗಳನ್ನು ಅವರೇ ಬಿಡಿಸಿದ್ದಾರೆ. ಒಂದು ಎಲೆಯನ್ನು ಬಿಡಿಸಬೇಕಾದರೆ ಅದರ ಅಂಚು, ನರ, ತೊಟ್ಟು ಎಲ್ಲ ನೋಡಬೇಕು. ನೀವೂ ವಾರಕ್ಕೊಂದು ಎಲೆಯನ್ನೋ ಗೂಡನ್ನೋ ಪೆನ್ಸಿಲಿನಲ್ಲಿ ಬಿಡಿಸಿ ನೋಡಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ.

ಜೊತೆಗೆ ಊರಿನ ಮಾತುಗಳನ್ನು ಕೂಡಿಡಿ. ಪುಸ್ತಕದಲ್ಲಿ ಒಂದು ಹೆಸರಿರುತ್ತದೆ, ನಿಮ್ಮ ಕಡೆ ಇನ್ನೊಂದು ಇರುತ್ತದೆ. ಗುಂಪು ಗುಂಪಾಗಿ ಬೇಲಿಯಡಿ ಕುಪ್ಪಳಿಸುತ್ತಾ ಗಲಾಟೆ ಮಾಡುವ ಹಕ್ಕಿಗೆ ಹರಟೆಮಲ್ಲ ಅಂತ ಹೆಸರಿಟ್ಟವರು ಯಾರೋ ಒಳ್ಳೆಯ ಕತೆಗಾರರೇ ಇರಬೇಕು. ಕುರಿ ಕಾಯುವವರು, ಕಾಯಿ ಕೀಳುವವರು ಯಾವ ಹಕ್ಕಿಗೆ ಏನನ್ನುತ್ತಾರೆ ಕೇಳಿ, ಆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಡಿ.

ಬರೆದ ಪುಟ ಕೂಡಲೇ ಕತೆ ಆಗಲಿ ಅಂತ ಒತ್ತಾಯ ಮಾಡಬೇಡಿ. ತಿಪಟೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಯಿ ಕಿತ್ತ ಕೂಡಲೇ ಕೊಬ್ಬರಿ ಆಗುತ್ತದಾ? ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಬತ್ತಬೇಕು. ಅಲ್ಲಾಡಿಸಿದಾಗ ಚಿಪ್ಪು ಬಿಟ್ಟ ಗಿಟಕು, ಅಂದರೆ ಒಣಗಿದ ತಿರುಳು, ಒಳಗೆ ಸದ್ದು ಮಾಡಿದರೆ ಆಗ ಸುಲಿಯುತ್ತಾರೆ. ಲಿಂಟಲ್ ಮಟ್ಟದ ಆ ಮನೆ ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ತಿಂಗಳು ಇತ್ತು.

ಕೆಲಸದ ನಡುವೆ ಇಷ್ಟೆಲ್ಲ ಆಗುತ್ತದಾ ಅನ್ನಬೇಡಿ. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ಬಜೆಟ್ ಮಂಡಿಸಿದ ಅದೇ ಮನುಷ್ಯ ಕಾಡಿನಲ್ಲಿ ಕಾದು ಕೂತು ಕಪ್ಪು ಬಿಳುಪಿನಲ್ಲಿ ತೆಗೆದ ಫೋಟೋಗಳು ಹೊರದೇಶಗಳಲ್ಲೂ ಹೆಸರು ಮಾಡಿದವು. ನಿಮಗೆ ವಾರಕ್ಕೊಂದು ಬೆಳಿಗ್ಗೆ ಇದೆ. ವರ್ಷಕ್ಕೆ 52 ಬೆಳಿಗ್ಗೆ, 52 ಪುಟ. ಮೂರು ಕತೆಗೆ ಅದು ಧಾರಾಳ.

ಈಗ ಅಜ್ಜನ ಪ್ರಶ್ನೆ. ನಿಸರ್ಗ ವಿಭಾಗದ ಸ್ಪರ್ಧೆಗಳು ಜಾಸ್ತಿ ಕಡೆ ಒಂದೇ ಬಗೆಯ ನಿಯಮ ಇಟ್ಟುಕೊಂಡಿವೆ. ಚಿತ್ರದಲ್ಲಿರುವುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಕ್ರಾಪ್ ಮಾಡಬಹುದು. ಮನುಷ್ಯರು, ಮನುಷ್ಯರು ಮಾಡಿದ ವಸ್ತುಗಳು ಆ ಜೀವಿಯ ಬದುಕಿಗೆ ಸಂಬಂಧಪಟ್ಟಿದ್ದರೆ ಮಾತ್ರ ಇರಬಹುದು. ಹಾಗಾಗಿ ಅಜ್ಜನನ್ನು ಸಾಫ್ಟ್‌ವೇರಿನಲ್ಲಿ ಅಳಿಸಬೇಡಿ, ಅದು ತಪ್ಪಾಗುತ್ತದೆ. ಎಡಗಡೆಯಿಂದ ಕ್ರಾಪ್ ಮಾಡಿ, ಗೂಡು ಮತ್ತು ಹಕ್ಕಿ ಉಳಿಯುತ್ತವೆ, ಅದನ್ನು ಕಳಿಸಿ.

ಆದರೆ ಮೂಲ ಫೋಟೋ ಹಾಗೇ ಇಟ್ಟುಕೊಳ್ಳಿ. ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ಅಜ್ಜ ಹೊರೆ ಹೊತ್ತು ನಡೆಯುತ್ತಿಲ್ಲ, ನಿಂತಿದ್ದಾರೆ. ಮುಖ ಬಾವಿಯ ಕಡೆಗಿದೆ. ಹೊರೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಹಿಡಿದಿದ್ದಾರೆ. ಬಳಸದೆ ಬಿಟ್ಟ ಬಾವಿ ಅದು. ಕಲ್ಲಿನ ಮೆಟ್ಟಿಲು ಕುಸಿದಿದೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಕಾಲದ ಕಲ್ಲುಕಂಬ ಒಂದು ಕಡೆ ವಾಲಿದೆ. ಆ ಬಾವಿ ತೋಡಿದ್ದು ಅವರೇ ಇರಬಹುದು, ಅವರ ಅಪ್ಪ ಇರಬಹುದು. ಅಥವಾ ಅವರೂ ಗೂಡನ್ನೇ ನೋಡುತ್ತಿರಬಹುದು. ನೀವು ವ್ಯೂಫೈಂಡರಿನಲ್ಲಿ ಕಣ್ಣಿಟ್ಟಿದ್ದಿರಿ, ಅವರು ಬಂದು ನಿಂತದ್ದು ನಿಮಗೆ ಗೊತ್ತಾಗಲಿಲ್ಲ.

ಬರುವ ಭಾನುವಾರ ಅದೇ ಹೊತ್ತಿಗೆ ಅಲ್ಲಿಗೆ ಹೋಗಿ. ಕ್ಯಾಮೆರಾ ಚೀಲದಲ್ಲಿರಲಿ. ಹುಲ್ಲಿಗೆ ಬರುವವರು ಮತ್ತೆ ಬಂದೇ ಬರುತ್ತಾರೆ. ಹೊರೆ ಇಳಿಸಲು ಒಂದು ಕೈ ಕೊಡಿ, ಬಾವಿಯಲ್ಲಿ ನೀರು ಯಾವಾಗ ಬತ್ತಿತು ಅಂತ ಕೇಳಿ ನೋಡಿ. ಅವರು ಏನು ಹೇಳಿದರು ಅಂತ ಮನೆಗೆ ಬಂದ ಕೂಡಲೇ ಬರೆದಿಟ್ಟು, ಆ ಪುಟವನ್ನು ನನಗೆ ಕಳಿಸಿ. ಫೋಟೋ ಬೇಡ.